ಕಲ್ಲಿಲ್ಲದ ಬಟ್ಟಲು

ಬಹಳ ಹಿಂದೆ, ಎಂದರೆ ಯಾರೂ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಅಂಜನಾವತಿ ಎಂಬ ರಾಜ್ಯವಿತ್ತು. ಅದನ್ನು ಧವಳಕೀರ್ತಿ ಮಹಾರಾಜರು ಆಳುತ್ತಿದ್ದರು. ಬೆಳಗ್ಗೆ ಎದ್ದು ಒಂದು ಯೋಜನೆ ಘೋಷಿಸದೆ ಅವರು ಹಲ್ಲುಜ್ಜುತ್ತಿರಲಿಲ್ಲ. ಯೋಜನೆ ಹೊಳೆಯದ ದಿನ ಆಸ್ಥಾನಿಕರು ಎರಡು ಮಾರು ದೂರ ನಿಂತೇ ಮಾತಾಡುತ್ತಿದ್ದರು.

ಅಂಥದೊಂದು ಮುಂಜಾನೆ 'ನೇತ್ರಸಂಜೀವಿನಿ ಮಹಾವಿಮಾ ಯೋಜನೆ' ಅವತರಿಸಿತು. ಪ್ರಜೆಗಳ ಕಣ್ಣಿಗೆ ಯಾವ ರೋಗ ಬಂದರೂ ಚಿಕಿತ್ಸೆ ಪುಕ್ಕಟೆ. ಪ್ರತಿಯಾಗಿ ಪ್ರತಿಯೊಬ್ಬರೂ ತಿಂಗಳಿಗೆ ಎರಡು ಹಿಡಿ ಅಕ್ಕಿಯನ್ನು, ಕಣ್ಣಿಗೊಂದು ಹಿಡಿಯಂತೆ, ಅರಮನೆಯ ಉಗ್ರಾಣಕ್ಕೆ ಒಪ್ಪಿಸಬೇಕು. ಒಕ್ಕಣ್ಣರೂ ಎರಡು ಹಿಡಿಯನ್ನೇ ಕೊಡತಕ್ಕದ್ದೆಂದು ಸುತ್ತೋಲೆ ಸ್ಪಷ್ಟಪಡಿಸಿತು. ಇನ್ನೊಂದು ಕಣ್ಣು ಎಲ್ಲಿ ಹೋಯಿತೆಂಬುದು ಅವರ ಖಾಸಗಿ ವಿಚಾರ.

ಹಾಗೆ ಬಂದ ಅಕ್ಕಿಯನ್ನು ಆರಿಸಲು ಉಗ್ರಾಣದಲ್ಲಿ ಸಾಕವ್ವ ಎಂಬ ಹೆಂಗಸಿದ್ದಳು. ಈ ಯೋಜನೆಗೂ ಎಷ್ಟೋ ಮುಂಚಿನಿಂದ, ಮೂವತ್ತು ವರ್ಷದಿಂದ, ಕಿಟಕಿಯ ಬೆಳಕಿಗೆ ಮೊರ ಹಿಡಿದು ಕಲ್ಲು ಹೆಕ್ಕುತ್ತಿದ್ದಳು. ಅರಮನೆಯಲ್ಲಿ ಒಂದು ಪದ್ಧತಿಯಿತ್ತು. ದಿನವೂ ಹೆಕ್ಕಿದ ಕಲ್ಲುಗಳನ್ನು ಬೆಳ್ಳಿಯ ಬಟ್ಟಲಿಗೆ ಹಾಕಿ ಸಂಜೆ ಮಹಾರಾಜರಿಗೆ ತೋರಿಸಬೇಕು. ಬಟ್ಟಲು ತುಂಬಿದ್ದರೆ ಅಕ್ಕಿ ಕೆಟ್ಟದ್ದು, ಉಗ್ರಾಣದವರಿಗೆ ಬೈಗುಳ. ಬರಿದಾಗಿದ್ದರೆ ಅಕ್ಕಿ ಶುದ್ಧ, ಎಲ್ಲರಿಗೂ ಇನಾಮು. ಹೆಕ್ಕಿದವಳು ಹೇಗಿದ್ದಾಳೆಂದು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

ಯುಗಾದಿಯ ಹೊತ್ತಿಗೆ ಸಾಕವ್ವನ ಕಣ್ಣಿಗೆ ಮಂಜು ಕವಿಯಿತು. ಮೊರದಲ್ಲಿ ಅಕ್ಕಿಯೂ ಕಲ್ಲೂ ಒಂದೇ ಬಿಳುಪಾಗಿ ಕಾಣತೊಡಗಿದವು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಮೊರ ಮತ್ತು ಆ ಎರಡು ಕಣ್ಣು. ತಿಂಗಳು ತಪ್ಪದೆ ಎರಡು ಹಿಡಿ ಕೊಟ್ಟಿದ್ದೇನಲ್ಲ ಎಂಬ ಧೈರ್ಯದಿಂದ ವಿಮಾ ಕಚೇರಿಗೆ ಹೋದಳು. ಅಲ್ಲಿ ಹೊಂಬಾಳಯ್ಯನೆಂಬ ಗುಮಾಸ್ತ ಕೂತಿದ್ದ.

“ಬುದ್ದಿ, ಕಣ್ಣು ಮಂಜಾಯ್ತಾ ಅದೆ. ಒಸಿ ನೋಡಿಸ್ಕೊಡಿ,” ಅಂದಳು ಸಾಕವ್ವ.

“ಯಾವ ರೋಗ ಅಂತ ಹೇಳಮ್ಮ, ಬರ್ಕೋತೀನಿ.”

“ಅದು ನಂಗೆಂಗೆ ಗೊತ್ತು? ನೋಡುದ್ರೆ ತಾನೆ ಗೊತ್ತಾಗೋದು.”

“ನೋಡೋದು ವಿಮೆಗೆ ಬರಲ್ಲಮ್ಮ. ರೋಗ ಬರುತ್ತೆ, ಪರೀಕ್ಷೆ ಬರಲ್ಲ. ರೋಗ ಇದೆ ಅಂತ ಒಂದು ಕಾಗದ ತಗೊಂಡು ಬಾ, ಆಮೇಲೆ ಪರೀಕ್ಷೆನೂ ಬರುತ್ತೆ.”

“ಕಾಗದ ಯಾರು ಕೊಡ್ತಾರೆ?”

“ಪರೀಕ್ಷೆ ಮಾಡಿದ ವೈದ್ಯರು.”

“ಅಂಗಾದ್ರೆ ನಾನು ಕೊಟ್ಟ ಅಕ್ಕಿ?”

“ಅದು ಬಂದಿದೆಯಮ್ಮ. ಅದರ ಬಗ್ಗೆ ನಮ್ಮದೇನೂ ತಕರಾರಿಲ್ಲ.”

ಹೊಂಬಾಳಯ್ಯ ಕೆಟ್ಟವನಲ್ಲ. ಅವಳಿಗೆ ಕುಡಿಯಲು ನೀರು ಕೊಟ್ಟ, ಮೆಟ್ಟಿಲಿದೆ ಎಂದು ಕೈ ಹಿಡಿದು ಇಳಿಸಿದ. ಮರಳಿ ಬಂದು ವಹಿಯಲ್ಲಿ 'ರೋಗ ಪತ್ತೆಯಾಗಿಲ್ಲ' ಎಂದು ಬರೆದ. ಅಂದು ಬಂದವರೆಲ್ಲರ ಹೆಸರಿನ ಮುಂದೆಯೂ ಅವನು ಅದನ್ನೇ ಬರೆದಿದ್ದ. ಕೈಯಿಂದ ಕೊಟ್ಟು ತೋರಿಸಿಕೊಳ್ಳೋಣವೆಂದರೆ ನೇತ್ರವೈದ್ಯರ ದಕ್ಷಿಣೆ ಸಾಕವ್ವನ ಮೂರು ತಿಂಗಳ ಸಂಬಳವಾಗಿತ್ತು. ಅವಳು ಮತ್ತೆ ಮೊರದ ಮುಂದೆ ಕೂತು ಬೆರಳಿನಿಂದ ತಡವಿ ತಡವಿ ಹೆಕ್ಕಿದಳು. ಸಿಕ್ಕಿದ್ದು ಹತ್ತಕ್ಕೊಂದು. ಬರಬರುತ್ತಾ ಅದೂ ಇಲ್ಲ.

ಬಟ್ಟಲು ಬರಿದಾಯಿತು. ಅರಮನೆ ಸಂಭ್ರಮಿಸಿತು.

ದಸರೆಗೆ ಮುಂಚೆ ಆರೋಗ್ಯಾಮಾತ್ಯ ಚಿಕ್ಕಬೊಪ್ಪರಸರು ಆಸ್ಥಾನಕ್ಕೆ ಎರಡು ವಸ್ತುಗಳನ್ನು ತಂದರು. ಒಂದು ಕೈಯಲ್ಲಿ ವಿಮಾ ಕಚೇರಿಯ ವಹಿ, ಇನ್ನೊಂದರಲ್ಲಿ ಬಟ್ಟಲು.

“ಮಹಾಪ್ರಭು, ಇದು ನೇತ್ರಸಂಜೀವಿನಿಯ ಪ್ರಗತಿ ವರದಿ. ರಾಜ್ಯದಲ್ಲಿ ಪತ್ತೆಯಾದ ನೇತ್ರರೋಗಿಗಳ ಸಂಖ್ಯೆ ಸೊನ್ನೆ.”

“ಯೋಜನೆಗೆ ಮೊದಲು ಎಷ್ಟಿತ್ತು?”

“ಮೊದಲು ಬಹಳವಿತ್ತು ಪ್ರಭು. ಆಗ ಜನ ಕಣ್ಣು ತೋರಿಸಿಕೊಳ್ಳುತ್ತಿದ್ದರು.”

ಮಹಾರಾಜರು ಬಟ್ಟಲಿನೊಳಗೆ ಇಣುಕಿದರು. “ಇಲ್ಲೂ ಸೊನ್ನೆ.”

“ಪ್ರಜೆಗಳ ದೃಷ್ಟಿ ಈಗ ಎಷ್ಟು ತೀಕ್ಷ್ಣವಾಗಿದೆಯೆಂದರೆ ಮನೆಯಲ್ಲೇ ಕಲ್ಲು ಹೆಕ್ಕಿ ಅಕ್ಕಿ ಒಪ್ಪಿಸುತ್ತಿದ್ದಾರೆ. ಇದನ್ನು ಯೋಜನೆಯ ಪರೋಕ್ಷ ಫಲಾನುಭವ ಎನ್ನುತ್ತಾರೆ ಪ್ರಭು. ಒಂದು ಪಿಪಿಟಿ ಸಿದ್ಧವಾಗಿದೆ.”

ಮಹಾರಾಜರು ವರದಿಗೆ ಮುದ್ರೆ ಒತ್ತಿ ಊಟಕ್ಕೆ ಎದ್ದರು. ಮೂರನೆಯ ತುತ್ತಿಗೆ ಅವರ ಬಾಯಲ್ಲಿ ಕಟಕ್ ಎಂದಿತು. ಪಂಕ್ತಿಯಲ್ಲಿದ್ದವರೆಲ್ಲ ಕೈ ತಡೆದರು. ಅಕ್ಕಿಯಲ್ಲಿ ಕಲ್ಲಿಲ್ಲವೆಂದು ಇದೀಗ ಮುದ್ರೆ ಬಿದ್ದಿತ್ತು.

“ಏನಿಲ್ಲ, ಹಲ್ಲು,” ಅಂದರು ಮಹಾರಾಜರು.

“ಹಲ್ಲು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ ಪ್ರಭು,” ಎಂದು ಅಮಾತ್ಯರು ವಿನಯದಿಂದ ಅರಿಕೆ ಮಾಡಿಕೊಂಡರು. ಮಹಾರಾಜರು ನುಂಗಿದರು. ಅಮಾತ್ಯರೂ ತಮ್ಮ ಬಾಯಲ್ಲಿದ್ದುದನ್ನು ನುಂಗಿದರು.

ದಸರೆಯ ದಿನ ಅಂಜನಾವತಿಯನ್ನು 'ನೇತ್ರರೋಗಮುಕ್ತ ರಾಜ್ಯ' ಎಂದು ಸಾರಲಾಯಿತು. ವೇದಿಕೆಗೆ ಒಬ್ಬ ಆದರ್ಶ ಫಲಾನುಭವಿ ಬೇಕಿತ್ತು. ಬರಿದಾದ ಬಟ್ಟಲಿನ ಕೀರ್ತಿ ಯಾರದೋ ಅವಳನ್ನೇ ಕರೆಸಿದರು. ಸಾಕವ್ವನನ್ನು ಇಬ್ಬರು ಭಟರು ತೋಳು ಹಿಡಿದು ನಡೆಸಿಕೊಂಡು ಬಂದರು. ಅದು ರಾಜಮರ್ಯಾದೆಯೆಂದು ಜನ ತಿಳಿದರು. ಆಸ್ಥಾನದ ನೇತ್ರವೈದ್ಯರು ಶಾಲು ಹೊದಿಸಲು ಬಗ್ಗಿದವರು ಅವಳ ಕಣ್ಣನ್ನು ನೋಡಿ ಹಾಗೇ ನಿಂತರು.

“ಎಷ್ಟು ದಿನವಾಯಿತವ್ವ?” ಎಂದು ಮೆಲ್ಲಗೆ ಕೇಳಿದರು.

“ಯುಗಾದಿಯಿಂದ ಬುದ್ದಿ. ಈಗ ಏನೂ ಕಾಣಾಕಿಲ್ಲ.”

“ಆಗಲೇ ತೋರಿಸಿದ್ದರೆ ಉಳಿಯುತ್ತಿತ್ತು. ಇನ್ನು ಬರುವುದಿಲ್ಲ.”

ಚಿಕ್ಕಬೊಪ್ಪರಸರು ಪಕ್ಕಕ್ಕೆ ಬಾಗಿದರು. “ವೈದ್ಯರೇ, ಈಗ ತಾವು ಮಾಡಿದ್ದು ಪರೀಕ್ಷೆಯೋ?”

“ಇಲ್ಲ ಸ್ವಾಮಿ. ಸುಮ್ಮನೆ ನೋಡಿದೆ.”

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಮಹಾರಾಜರ ಮೇಲಲ್ಲ, ಅವರು ಕಥೆಯ ಮಹಾರಾಜರು, ಅವರಿಗೆ ತಿಳಿದದ್ದೇ ಅಷ್ಟು. ತಿಳಿದೂ ಶಾಲು ಹೊದಿಸಿದ ಆ ವೈದ್ಯರ ಮೇಲೆ ಬರುತ್ತದೆ. ಆದರೆ ಕಥೆ ನಡೆಯಬೇಕು.

'ಇವರ ದೃಷ್ಟಿ ನಿರ್ದೋಷವಾಗಿದೆ' ಎಂಬ ಪ್ರಮಾಣಪತ್ರವನ್ನು ಸಾಕವ್ವನ ಕೈಗಿತ್ತರು. ಅವಳು ಅದನ್ನು ತಲೆಕೆಳಗಾಗಿ ಹಿಡಿದಳು. ಮಹಾರಾಜರು ಅದನ್ನು ಕಂಡು, ಇದು ಹೊಸ ಶಿಷ್ಟಾಚಾರವಿರಬೇಕೆಂದು ತಾವು ಅಂದೇ ಪಡೆದ 'ದಿವ್ಯಚಕ್ಷು ಸಾರ್ವಭೌಮ' ಬಿರುದಿನ ಪತ್ರವನ್ನೂ ತಲೆಕೆಳಗು ಮಾಡಿ ಹಿಡಿದರು. ಅವರ ಹಿಂದೆ ಇಡೀ ಮಂತ್ರಿಮಂಡಲವೇ ಕೈಲಿದ್ದ ಕಾಗದಗಳನ್ನು ಹಾಗೆ ಹಿಡಿಯಿತು. ಆಮೇಲೆ ಮಹಾರಾಜರ ತಲೆಗೆ ಹೊಸ ಕಿರೀಟವಿಟ್ಟರು. ಅದರ ನಡುವೆ ಬೆಳ್ಳಿಯದೊಂದು ದೊಡ್ಡ ಕಣ್ಣು ಹೊಳೆಯುತ್ತಿತ್ತು. ಅದೇ ಗಳಿಗೆಯಲ್ಲಿ ಹೊಸ ರಾಜಾಜ್ಞೆ ಹೊರಟಿತು: ಇನ್ನು ಮುಂದೆ ವಿಮೆಗೆ ಮೂರು ಹಿಡಿ ಅಕ್ಕಿ. ಎರಡು ಪ್ರಜೆಯ ಕಣ್ಣುಗಳಿಗೆ, ಮೂರನೆಯದು ಮಹಾರಾಜರ ದಿವ್ಯದೃಷ್ಟಿಗೆ.

ಅಂದು ಜನಕ್ಕೆಲ್ಲ ಅರಮನೆಯ ಊಟ. ಸಾವಿರ ಎಲೆ ಹಾಕಿದ್ದರು. ಸಾಕವ್ವನೂ ಕೂತಳು, ಪಕ್ಕದಲ್ಲಿ ಗುಮಾಸ್ತ ಹೊಂಬಾಳಯ್ಯ. ಸಾಲಿನುದ್ದಕ್ಕೂ ಕಟಕ್ ಕಟಕ್ ಎಂದು ಕೇಳುತ್ತಿತ್ತು, ಯಾರೂ ತಲೆ ಎತ್ತಲಿಲ್ಲ. ಸಾಕವ್ವನ ಬಾಯಿಗೂ ಒಂದು ಸಿಕ್ಕಿತು. ನಾಲಗೆಯಿಂದ ಹೊರಳಿಸಿ ತೆಗೆದು ಬೆರಳಿನಲ್ಲಿ ಒತ್ತಿ ನೋಡಿದಳು. ಎಷ್ಟೋ ದಿನದ ಮೇಲೆ ಒಂದು ಕಲ್ಲು ಅವಳ ಕೈಗೆ ಸಿಕ್ಕಿತ್ತು.

“ಬಟ್ಟಲು ಎಲ್ಲದೆ ಬುದ್ದಿ? ಇದನ್ನ ಹಾಕ್ಬೇಕು,” ಎಂದು ಕೈ ಚಾಚಿದಳು.

“ಬಟ್ಟಲು ಈಗಿಲ್ಲವ್ವ,” ಅಂದ ಹೊಂಬಾಳಯ್ಯ, ತುತ್ತು ನುಂಗಿ. “ಕರಗಿಸಿ ಮಹಾರಾಜರ ಕಿರೀಟಕ್ಕೆ ಕಣ್ಣು ಮಾಡಿಸಿದಾರೆ.”