ದೇವರ ಪಶ್ಚಾತ್ತಾಪ, ಗುರ್ಕಾರರ ಹಠ

ದೊಡ್ಡವರು ಮನಸ್ಸು ಬದಲಾಯಿಸುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ತೊಂಬತ್ತರ ದಶಕದಲ್ಲಿ ಸೌದಿಯ ಅಲ್ ಖರ್ಜ್‌ನಲ್ಲಿ ನಮಗೂ ಆಯಿತು.

೧. ಮೆಷಿನ್ ನಿಂತದ್ದು

ಅಲ್ಲಿ ಇಗರ್ಜಿ ಇಲ್ಲ, ನಮ್ಮ ಪ್ರಾರ್ಥನೆಗೆ ಅನುಮತಿಯೂ ಇಲ್ಲ. ಶುಕ್ರವಾರ ಮಂಗಳೂರು ಕಡೆಯ ನಾವು ಕೆಲವರು ಪರದೆ ಎಳೆದು ನನ್ನ ಹೊಲಿಗೆ ಕೋಣೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು. ಕೀರ್ತನೆ ಹೊರಗೆ ಕೇಳದಂತೆ ನಾನು ಮೆಷಿನ್ ಓಡಿಸುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಓದು, ಹೊಲಿಗೆ ಎರಡನ್ನೂ ನಾನೇ ಕಲಿತವಳು. ಪ್ರಾರ್ಥನೆ ನನ್ನ ಕೋಣೆಯಲ್ಲಿ ಎಂದು ನನಗಿದ್ದಷ್ಟು ಹೆಮ್ಮೆ ಬಿಷಪರಿಗೂ ಇರಲಿಕ್ಕಿಲ್ಲ.

ಒಮ್ಮೆ ನೋಹನ ಕಥೆ ಬಂತು. ಮನುಷ್ಯರನ್ನು ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪ ಪಟ್ಟು, ಮಳೆ ಸುರಿಸಿ ಲೋಕವನ್ನೇ ಮುಳುಗಿಸಿದನಂತೆ. ನಾನು ಮೆಷಿನ್ ನಿಲ್ಲಿಸಿದೆ.

"ಗುರ್ಕಾರ್ರೇ, ಎಲ್ಲ ಮೊದಲೇ ಗೊತ್ತಿರುವ ದೇವರಿಗೆ ಪಶ್ಚಾತ್ತಾಪ ಎಂತಕ್ಕೆ?"

ಗುರ್ಕಾರರೆಂದರೆ ನಮ್ಮ ಗುಂಪಿನ ಹಿರಿಯರು. ನನ್ನ ಗಂಡ ಕೆಲಸ ಮಾಡುವ ಹಾಲಿನ ಡೈರಿಯಲ್ಲೇ ಸೂಪರ್‌ವೈಸರ್. "ಅದು ನಮಗೆ ಅರ್ಥವಾಗಲೆಂದು ಮನುಷ್ಯರ ಭಾಷೆಯಲ್ಲಿ ಬರೆದದ್ದು ಬಾಯಮ್ಮ. ನಿಜಕ್ಕೂ ಆದದ್ದಲ್ಲ."

"ಹಾಗಾದರೆ ಮಳೆ?"

"ಮಳೆ ನಿಜವೇ."

ಪಶ್ಚಾತ್ತಾಪ ಬರೀ ಮಾತಿಗೆ, ಮುಳುಗಿದ್ದು ಮಾತ್ರ ನಿಜಕ್ಕೆ.

೨. ಕಫೀಲನ ರಜೆ

ದೊಡ್ಡವರ ಮನಸ್ಸು ಬದಲಾಗುವುದಿಲ್ಲ ಎನ್ನಲು ಮರುವಾರ ಗುರ್ಕಾರರು ಉದಾಹರಣೆ ತಂದರು. "ನಮಗೆ ವೀಸಾ ಕೊಟ್ಟ ಕಫೀಲನನ್ನೇ ನೋಡಿ. ಹೇಳಿದ್ದು ಹೇಳಿದ್ದೇ."

"ನನ್ನ ಗಂಡನಿಗೆ ರಜೆ ಕೊಟ್ಟು ಮರುದಿನ ಇಲ್ಲವೆಂದನಲ್ಲ?"

"ಇಲ್ಲವೆನ್ನುತ್ತೇನೆಂದು ಗೊತ್ತಿದ್ದೇ ಕೊಟ್ಟದ್ದು."

"ಹಾಗಾದರೆ ಪೆಟ್ಟಿಗೆಗೆ ಹಗ್ಗ ಬಿಗಿದು ಕೂತ ನನ್ನ ಗಂಡ ಮೂರ್ಖನಾ?"

ಎಲ್ಲರೂ ನನ್ನ ಗಂಡನತ್ತ ನೋಡಿದರು. ಗಂಡ ತಕ್ಷಣ ಭಕ್ತಿಯಿಂದ ಕಣ್ಣು ಮುಚ್ಚಿದರು.

ಗುರ್ಕಾರರು ಎದ್ದರು. "ಇನ್ನು ಪ್ರಾರ್ಥನೆ ನನ್ನ ಮನೆಯಲ್ಲಿ. ನನ್ನ ಮಾತೂ ಬದಲಾಗುವುದಿಲ್ಲ."

೩. ಫುಟ್‌ಬಾಲ್

ನಾನು ಹೋಗಲಿಲ್ಲ. ಗಂಡ ಹೋಗಿ ಬಂದು ಹೇಳಿದ್ದಿದು.

ಅಲ್ಲಿ ಮೆಷಿನ್ ಇಲ್ಲವಲ್ಲ, ಟಿವಿಯಲ್ಲಿ ಫುಟ್‌ಬಾಲ್ ಜೋರಾಗಿ ಇಟ್ಟರಂತೆ. ಕೀರ್ತನೆಯ ನಡುವೆ ಬಾಗಿಲು ಬಡಿದ ಸದ್ದು. ಬೈಬಲ್ ಅನ್ನದ ಪಾತ್ರೆಯೊಳಗೆ ಹೋಯಿತು. ಬಾಗಿಲಲ್ಲಿ ಮೇಲಿನ ಮನೆಯ ಈಜಿಪ್ಟಿನ ಮೇಷ್ಟ್ರೊಬ್ಬ. "ಇಷ್ಟು ಜೋರಾಗಿ ನೋಡುವವರು ನನ್ನ ಹಾಗೇ ಫುಟ್‌ಬಾಲ್ ಹುಚ್ಚರಿರಬೇಕು" ಎಂದು ಒಳಬಂದು ಕೂತ. ಗೋಲಾದಾಗ ಗುರ್ಕಾರರನ್ನೇ ತಬ್ಬಿಕೊಂಡ. ಮರುವಾರ ತಮ್ಮನನ್ನೂ ಕರೆತಂದ.

"ಪ್ರಾರ್ಥನೆ ಎಲ್ಲಿಗೆ ಬಂತು?" ಎಂದು ಕೇಳಿದೆ.

"ಸೆಮಿಫೈನಲಿಗೆ" ಎಂದರು ಗಂಡ.

೪. ಮನುಷ್ಯರ ಭಾಷೆ

ಕೊನೆಗೆ ಗುರ್ಕಾರರು ನನ್ನ ಬಾಗಿಲಿಗೆ ಬಂದರು. "ಈ ವಾರ ಇಲ್ಲೇ ಸೇರುವ."

"ಮಾತು ಬದಲಾಗುವುದಿಲ್ಲ ಎಂದಿದ್ರಿ?"

"ಬದಲಾಗಿಲ್ಲ. ಇಲ್ಲಿಗೇ ಮರಳುತ್ತೇನೆಂದು ಮೊದಲೇ ಗೊತ್ತಿತ್ತು."

ನಾನು ಬಾಗಿಲಿಗೆ ಅಡ್ಡ ನಿಂತೆ. "ಪಶ್ಚಾತ್ತಾಪ ಆಗಿದೆ ಎನ್ನಿ, ದಾರಿ ಬಿಡುತ್ತೇನೆ."

"ಎಂತ ಹಠ ಮಾರಾಯ್ತಿ ನಿಮ್ಮದು."

ನಾನು ಅಲುಗಲಿಲ್ಲ. ಗುರ್ಕಾರರು ಗಂಟಲು ಸರಿಮಾಡಿಕೊಂಡು, ಚಪ್ಪಲಿ ನೋಡುತ್ತಾ ಹೇಳಿದರು:

"ನಿಮಗೆ ಅರ್ಥವಾಗಲೆಂದು ಮನುಷ್ಯರ ಭಾಷೆಯಲ್ಲಿ ಹೇಳುತ್ತೇನೆ ಬಾಯಮ್ಮ, ಪಶ್ಚಾತ್ತಾಪ ಆಗಿದೆ. ನಿಜಕ್ಕೂ ಆದದ್ದಲ್ಲ."