ಇಬ್ಬರು ಬ್ರಹ್ಮಚಾರಿಗಳು ಮತ್ತು ಆರದ ದೀಪ

ನಮ್ಮ ಕಟ್ಟಡದ ಬಾಗಿಲಲ್ಲಿ ಒಂದು ಬೋರ್ಡ್ ಇದೆ. ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್. ಸಂಸಾರಸ್ಥರಿಗೆ ಮಾತ್ರ ಮನೆ, ಬ್ಯಾಚುಲರ್‌ಗಳಿಗೆ ಇಲ್ಲ ಎಂದು ಅದರ ಅರ್ಥ. ಬಹ್ರೇನಿನಲ್ಲಿ ಇಂಥ ಬೋರ್ಡು ಬೀದಿಗೊಂದು ಸಿಗುತ್ತದೆ. ಪಾಪ, ಬ್ಯಾಚುಲರ್‌ಗಳು ಯಾರಿಗೆ ಏನು ಮಾಡಿದ್ದಾರೆ ಎಂದು ನಾನು ಚಿಕ್ಕಂದಿನಿಂದ ಮರುಗುತ್ತಿದ್ದೆ. ಈ ಚಳಿಗಾಲದಲ್ಲಿ ಇಬ್ಬರು ಬ್ಯಾಚುಲರ್‌ಗಳನ್ನು ನಾನೇ ಒಂದೇ ಗೂಡಿನಲ್ಲಿ ಇಟ್ಟುಕೊಂಡು ನೋಡಿದೆ. ಈಗ ಬೋರ್ಡ್ ಬರೆಸಿದವರ ಬಗ್ಗೆಯೇ ಮರುಕ.

ನನ್ನ ಬ್ಯಾಚುಲರ್‌ಗಳು ಮನುಷ್ಯರಲ್ಲ, ಫೆರೆಟ್‌ಗಳು. ಫೆರೆಟ್ ನೋಡಿಲ್ಲದವರು ಒಂದು ಮುಂಗುಸಿಯನ್ನು ನೆನೆದುಕೊಳ್ಳಿ. ಅದನ್ನು ಚಪಾತಿ ಹಿಟ್ಟಿನ ಹಾಗೆ ಸ್ವಲ್ಪ ಉದ್ದಕ್ಕೆ ಎಳೆಯಿರಿ, ಬಾಲವನ್ನು ಅರ್ಧಕ್ಕೆ ಇಳಿಸಿ, ಕಣ್ಣಿನ ಸುತ್ತ ಕಳ್ಳನ ಮುಸುಕು ಬರೆಯಿರಿ. ಅದೇ ಫೆರೆಟ್. (ಅಮ್ಮ ಇಷ್ಟೆಲ್ಲ ಕಷ್ಟಪಡದೆ ಮುಂಗುಸಿ ಎಂದೇ ಕರೆಯುತ್ತಾಳೆ.)

ಕೋಡುಬಳೆ ನನ್ನದು. ಮಲಗಿದಾಗ ಮೂತಿಯನ್ನೂ ಬಾಲವನ್ನೂ ಜೋಡಿಸಿ ಸುತ್ತಿಕೊಳ್ಳುತ್ತಿದ್ದುದರಿಂದ ಆ ಹೆಸರು. ನಾನು ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ, ಮಗಳು ಗೋಡೆ ನೋಡುತ್ತ ಕೂರುವುದಕ್ಕಿಂತ ಇದು ವಾಸಿ ಎಂದು ಅಪ್ಪ ಕೊಡಿಸಿದ್ದರು. ಅದರ ಅಣ್ಣನೋ ತಮ್ಮನೋ (ಒಂದೇ ಸೂಲಿನವು, ಯಾರು ಮೊದಲು ಬಂದರೆಂದು ಅಂಗಡಿಯವನಿಗೂ ತಿಳಿದಿರಲಿಲ್ಲ) ಎದುರು ಮನೆಯ ಜೋಯ್ಲಿನ್ ಪಾಲಿಗೆ ಹೋಗಿ ಡಾಲ್ಫಿ ಎಂದಾಯಿತು. ಜೋಯ್ಲಿನ್‌ಳ ತಾಯಿ ಪೌಲಿನ್ ಆಂಟಿ ಮಂಗಳೂರಿನವರು, ಇಲ್ಲಿ ನರ್ಸ್. ನಾವು ತುಮಕೂರಿನವರು. ನಮ್ಮ ಮನೆಯಲ್ಲಿ ಮಾಂಸ ತರುವಂತಿಲ್ಲ. ಫೆರೆಟ್ ಮಾಂಸವಿಲ್ಲದೆ ಬದುಕುವಂತಿಲ್ಲ. ಅದೃಷ್ಟಕ್ಕೆ ಅದರ ಆಹಾರ ಒಣಗಿದ ಗುಳಿಗೆಗಳಾಗಿ ಚೀಲದಲ್ಲಿ ಬರುತ್ತದೆ. ನೋಡಲು ಹುರಿದ ಹುರುಳಿಯಂತಿರುವುದರಿಂದ ಅಮ್ಮ ಅದನ್ನು ಕಾಳು ಎಂದೇ ನಂಬಿದ್ದಾಳೆ. ಚೀಲದ ಮೇಲಿನ ಕೋಳಿಯ ಚಿತ್ರವನ್ನು ನಾನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತೇನೆ.

ದೀಪಾವಳಿ ಕಳೆದ ಸ್ವಲ್ಪ ದಿನಕ್ಕೆ ಪೌಲಿನ್ ಆಂಟಿ ಡಾಲ್ಫಿಯನ್ನು ಎತ್ತಿಕೊಂಡು ಬಂದರು. ಊರಿನಲ್ಲಿ ಜೋಯ್ಲಿನ್ ಮದುವೆ. ಜನವರಿ ಮುಗಿಯುವವರೆಗೆ ರಜೆ ಹಾಕಿದ್ದರು.

"ಮದುವೆ ಆಗಿ ಅವಳು ಗಂಡನ ಒಟ್ಟಿಗೆ ಹೋಗ್ತಾಳೆ. ಆಮೇಲೆ ಇದನ್ನು ಯಾರು ನೋಡ್ಲಿಕ್ಕೆ ಉಂಟು? ನಾನು ಡ್ಯೂಟಿಗೆ ಹೋದ್ರೆ ಒಂದೇ ಬಿದ್ಕೊಂಡಿರ್ತದೆ ಪಾಪ" ಎಂದರು.

ಅಷ್ಟರಲ್ಲಿ ಡಾಲ್ಫಿ ಅವರ ಕೈಯಿಂದ ಜಾರಿ ಕೋಡುಬಳೆಯ ತೂಗುತೊಟ್ಟಿಲಿಗೆ ಹತ್ತಿ, ಅದರ ಕುತ್ತಿಗೆಯ ಮೇಲೆ ಗಲ್ಲ ಇಟ್ಟು ನಿದ್ದೆ ಹೋಗಿತ್ತು. ಆಂಟಿ ನೋಡಿದರು. "ನಾನು ಬರುವಾಗ ಎರಡೂ ಹೀಗೇ ಚಂದದಲ್ಲಿ ಒಟ್ಟಿಗೆ ಉಂಟಾದ್ರೆ ಡಾಲ್ಫಿ ನಿನಗೇ ಮಾರಾಯ್ತಿ. ಮಾತು ಕೊಟ್ಟೆ."

ನನಗೆ ಸಂತೋಷವಾದಾಗ ಮಾತು ಬರುವುದಿಲ್ಲ. (ದುಃಖವಾದಾಗಲೂ ಬರುವುದಿಲ್ಲ, ಆದ್ದರಿಂದ ಜನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.) ತಲೆಯಾಡಿಸಿದೆ. ಆ ತೊಟ್ಟಿಲಲ್ಲಿ ಎರಡು ಪ್ರಾಣಿಗಳ ಬದಲು ಒಂದೇ ಉದ್ದನೆಯ ಪ್ರಾಣಿ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಅದು ಯಾವಾಗಲೂ ಹಾಗೆಯೇ ಇರಬೇಕು ಎನ್ನುವುದಕ್ಕಿಂತ ಬೇರೆ ಆಸೆ ನನಗಿರಲಿಲ್ಲ.

ಆ ಆಸೆಯನ್ನು ನಾನು ಬಹಳ ಶ್ರದ್ಧೆಯಿಂದ ಹಾಳುಮಾಡಿದೆ.

ಗೂಡು ಇದ್ದದ್ದು ಗಾಜು ಮುಚ್ಚಿದ ಬಾಲ್ಕನಿಯಲ್ಲಿ. ಅಮ್ಮನ ತುಳಸಿ ಗಿಡವೂ ಅಲ್ಲಿಯೇ. ದೀಪಾವಳಿಗೆ ಅಪ್ಪ ಅಲ್ಲಿ ಸೀರಿಯಲ್ ಸೆಟ್ ಕಟ್ಟಿದ್ದರು. ಬಿಚ್ಚುವ ಹೊತ್ತಿಗೆ ಅಮ್ಮ, "ಕಾರ್ತಿಕ ಮುಗೀಲಿ ಕಣ್ರೀ" ಎಂದಳು. ಕಾರ್ತಿಕ ಮುಗಿದಾಗ ಬಹ್ರೇನಿನ ರಾಷ್ಟ್ರೀಯ ದಿನ ಹತ್ತಿರ ಬಂದಿತ್ತು, ಇಡೀ ಬೀದಿ ಕೆಂಪು ಬಿಳಿ ದೀಪ ಹಾಕಿರುವಾಗ ನಾವು ತೆಗೆದರೆ ಚೆನ್ನಾಗಿರುವುದಿಲ್ಲ ಎಂದು ಅಪ್ಪ ಇನ್ನೊಂದು ಸರ ಸೇರಿಸಿದರು. ಆಮೇಲೆ ಪೌಲಿನ್ ಆಂಟಿ ಊರಿನಿಂದ ಫೋನ್ ಮಾಡಿ ತಮ್ಮ ಕ್ರಿಸ್ಮಸ್ ನಕ್ಷತ್ರವನ್ನು ಈ ವರ್ಷ ನಮ್ಮ ಬಾಲ್ಕನಿಯಲ್ಲಿ ಬೆಳಗಿಸಲು ಹೇಳಿದರು. ಅದರ ಮಧ್ಯೆ ಧನುರ್ಮಾಸ ಬಂತು. ಅಮ್ಮ ಸೂರ್ಯನಿಗಿಂತ ಬಹಳ ಮುಂಚೆ ಎದ್ದು ಟ್ಯೂಬ್‌ಲೈಟ್ ಹಾಕಿ ತುಳಸಿಗೆ ಪೂಜೆ, ದೇವರಿಗೆ ಹುಗ್ಗಿ ಶುರುಮಾಡಿದಳು. ಹೀಗೆ ಎರಡು ಧರ್ಮ ಎರಡು ದೇಶಗಳ ಹಬ್ಬಗಳು ಸೇರಿ ನಮ್ಮ ಬಾಲ್ಕನಿಯಲ್ಲಿ ಕತ್ತಲೆಗೆ ಜಾಗವೇ ಇಲ್ಲದಂತೆ ಮಾಡಿದವು. ಉಳಿದಿದ್ದ ಚೂರು ಕತ್ತಲೆಯಲ್ಲಿ ಪ್ರಾಣಿಗಳು ಹೆದರಬಾರದು ಎಂದು ನಾನು ಗೂಡಿನ ಪಕ್ಕದಲ್ಲಿ ಒಂದು ಟೇಬಲ್ ಲ್ಯಾಂಪ್ ಇಟ್ಟೆ.

ಮೊದಲು ಬಂದದ್ದು ವಾಸನೆ. ಹೇಗೆ ಹೇಳಬೇಕೆಂದು ಬಹಳ ಯೋಚಿಸಿದ್ದೇನೆ. ಒದ್ದೆ ಸಾಕ್ಸನ್ನು ಹಳೆಯ ಎಣ್ಣೆಯಲ್ಲಿ ಕರಿದು ಜೇನುತುಪ್ಪ ಸವರಿದರೆ ಹತ್ತಿರ ಬರಬಹುದು. ಅಮ್ಮ ಅಗರಬತ್ತಿ ಹಚ್ಚಿದಳು. ಸಾಂಬ್ರಾಣಿ ಹಾಕಿದಳು. ಕರ್ಪೂರಕ್ಕೂ ಬಗ್ಗಲಿಲ್ಲ.

"ರೀ, ಈ ಮನೇಲಿ ಏನೋ ಸತ್ತಿದೆ."

ಅಪ್ಪ ಪೇಪರ್ ಕೆಳಗಿಟ್ಟು ಮೂಸಿದರು. "ಇಲ್ಲ ಭಾನು. ಬದುಕಿದೆ."

ಆಮೇಲೆ ಒಂದು ಮುಂಜಾನೆ ಅಮ್ಮ ಹುಗ್ಗಿಯ ಪಾತ್ರೆ ಹಿಡಿದು ಬಾಲ್ಕನಿಗೆ ಕಾಲಿಟ್ಟವಳೇ ಕೂಗಿಕೊಂಡಳು. ನಾನು ಓಡಿದೆ. ಗೂಡಿನಲ್ಲಿ ಒಂದು ಕಂದು ಚೆಂಡು ಕಿರುಚುತ್ತ ಉರುಳುತ್ತಿತ್ತು. ಯಾವ ಕಾಲು ಯಾರದ್ದೆಂದು ತಿಳಿಯುವಂತಿರಲಿಲ್ಲ. ನಾನು ಬಟ್ಟೆ ಸುತ್ತಿದ ಕೈ ಹಾಕಿ ಎಳೆದಾಗ ಡಾಲ್ಫಿಯ ಕಿವಿ ಹರಿದಿತ್ತು, ಕೋಡುಬಳೆಯ ಕುತ್ತಿಗೆಯಲ್ಲಿ ರಕ್ತವಿತ್ತು. ಅಣ್ಣನೋ ತಮ್ಮನೋ ಗಲ್ಲ ಇಟ್ಟು ಮಲಗುತ್ತಿದ್ದ ಜಾಗದಲ್ಲಿಯೇ.

"ನೈವೇದ್ಯಕ್ಕೆ ಮುಂಚೆ ರಕ್ತ! ಅಪೇಕ್ಷಾ, ಏನು ತಿನ್ನಿಸಿದ್ದೀಯೆ ಅವಕ್ಕೆ?"

"ಕಾಳು" ಎಂದೆ.

ಅಪ್ಪ ಆ ದಿನ ಸೀಫ್ ಬಡಾವಣೆಯ ತಮ್ಮ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ನಮ್ಮನ್ನು ಪ್ರಾಣಿವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯೆ ಮಲಯಾಳಿ, ನಮ್ಮೊಡನೆ ಹಿಂದಿಯಲ್ಲಿ ಮಾತಾಡಿದರು. ಗಾಯಕ್ಕೆ ಔಷಧಿ ಹಚ್ಚಿ, ಎರಡನ್ನೂ ತಿರುಗಿಸಿ ನೋಡಿ, "ಇವು ಬೆದೆಗೆ ಬಂದಿವೆ. ಇಷ್ಟು ಬೇಗ, ಇಷ್ಟು ಜೋರಾಗಿ ಬರುವುದು ನಾನು ನೋಡಿಲ್ಲ. ಈ ಕಾಲದಲ್ಲಿ ಎರಡು ಗಂಡುಗಳನ್ನು ಒಟ್ಟಿಗೆ ಇಡಲೇಬಾರದು. ದಿನಕ್ಕೆ ಎಷ್ಟು ಹೊತ್ತು ಬೆಳಕು ಬೀಳುತ್ತದೆ?" ಎಂದರು.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅಮ್ಮ ಕಾರ್ತಿಕದಿಂದ ಆರಂಭಿಸಿ ಹೇಳತೊಡಗಿದಳು. ಅಪ್ಪ ರಾಷ್ಟ್ರೀಯ ದಿನವನ್ನು ಸೇರಿಸಿದರು. ವೈದ್ಯೆ ಪೆನ್ನು ಕೆಳಗಿಟ್ಟರು.

"ಇವಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಬೆಳಕು ಹೆಚ್ಚಾದರೆ ವಸಂತ ಬಂತು ಎಂದುಕೊಳ್ಳುತ್ತವೆ. ನೀವು ಡಿಸೆಂಬರಿನಲ್ಲಿಯೇ ಕಡು ಬೇಸಿಗೆ ತಂದಿದ್ದೀರಿ. ಆದರೂ ರಾತ್ರಿಯಲ್ಲಿ ಒಂದಿಷ್ಟು ಕತ್ತಲೆ ಇದ್ದಿರಬೇಕಲ್ಲ?"

ಅಪ್ಪ ಅಮ್ಮ ಇಬ್ಬರೂ ನನ್ನ ಕಡೆ ತಿರುಗಿದರು. ಟೇಬಲ್ ಲ್ಯಾಂಪ್ ವಿಷಯವನ್ನು ನಾನು ನೆಲಕ್ಕೆ ಹೇಳಿದೆ.

ಗಂಡುಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳ್ಳೆಯದು ಎಂದು ವೈದ್ಯೆ ವಿವರಿಸತೊಡಗಿದಾಗ ಅಪ್ಪ ತಟ್ಟನೆ ಎದ್ದು, ಕಾರು ಸರಿಯಾಗಿ ನಿಲ್ಲಿಸಿದ್ದೇನೋ ಇಲ್ಲವೋ ನೋಡಿಬರುತ್ತೇನೆಂದು ಹೊರಟುಹೋದರು. ನಾನು ಕುಳಿತು ಕೇಳಿದೆ. ಗಾಯ ಮಾಗಿದ ಮೇಲೆ ಮಾಡಿಸಬಹುದು, ವಾಸನೆಯೂ ಕೋಪವೂ ನಿಧಾನವಾಗಿ ಇಳಿಯುತ್ತವೆ. ಆದರೆ ಒಮ್ಮೆ ರಕ್ತ ಬರುವಂತೆ ಕಚ್ಚಾಡಿದ ಮೇಲೆ ಮತ್ತೆ ಒಂದೇ ತೊಟ್ಟಿಲಲ್ಲಿ ಮಲಗುತ್ತವೆ ಎಂದು ತಾನು ಮಾತು ಕೊಡಲಾರೆ ಎಂದರು. ಅಲ್ಲಿಯವರೆಗೆ ಬೇರೆ ಬೇರೆ ಕೋಣೆ, ಒಂದು ಇನ್ನೊಂದರ ಕಣ್ಣಿಗೆ ಬೀಳಬಾರದು, ಹಾಗೆಂದು ಒಂಟಿಯಾಗಿಯೂ ಬಿಡಬಾರದು, ಜೊತೆಗೆ ಯಾರಾದರೂ ಇರಬೇಕು.

ನಮ್ಮದು ಎರಡು ಬೆಡ್‌ರೂಮಿನ ಮನೆ. ಕೋಡುಬಳೆಯ ಜೊತೆಗೆ ನಾನು. ಡಾಲ್ಫಿಯ ಜೊತೆಗೆ?

"ನಾನಂತೂ ಆ ವಾಸನೇಲಿ ಮಲಗಲ್ಲ" ಎಂದಳು ಅಮ್ಮ. "ನಾನು ಹಾಲ್‌ಗೆ ಹೋಗ್ತೀನಿ. ನಿಮಗೆ ಹೆಂಡತಿ ಬೇಕೋ ಮುಂಗುಸಿ ಬೇಕೋ ನೀವೇ ಹೇಳಿ."

ಅಪ್ಪ ಸ್ವಲ್ಪ ಯೋಚಿಸಿದರು. ಯೋಚಿಸಿದ್ದೇ ತಪ್ಪಾಯಿತು. ಅಮ್ಮ ದಿಂಬು ತೆಗೆದುಕೊಂಡು ಹೊರಟಳು. ಹೋಗುತ್ತ ಒಂದು ಆಜ್ಞೆ ಹೊರಡಿಸಿದಳು: "ಪೌಲಿನ್ ಬಂದ ದಿನ ಈ ಮನೆಯಿಂದ ಒಂದು ಮುಂಗುಸಿ ಹೊರಗೆ ಹೋಗಲೇಬೇಕು. ಮುಗೀತು."

ಯಾವ ಮುಂಗುಸಿ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇಲ್ಲವೆಂದು ನಾನು ತಿಳಿದಿದ್ದೆ. ಡಾಲ್ಫಿ ಅತಿಥಿ, ಕೋಡುಬಳೆ ಮನೆಯವನು.

ನಮ್ಮಪ್ಪ ಶ್ಯಾಮಸುಂದರ ಎಂಬ ಉದ್ದ ಹೆಸರಿನ, ಬಹಳ ಗಿಡ್ಡ ಮಾತಿನ ಮನುಷ್ಯ. ಮನೆಯಲ್ಲಿ ಹ್ಞಾ, ಹ್ಞೂ, ಉಪ್ಪು ಕಡಿಮೆ, ಇಷ್ಟೇ. ನನ್ನ ಮೌನವೆಲ್ಲ ಅವರಿಂದಲೇ ಬಂದದ್ದೆಂದು ಅಮ್ಮ ದೂರುತ್ತಾಳೆ. ಅಂಥವರು ಸಂಜೆ ಬಂದು ಬಾಗಿಲು ಹಾಕಿಕೊಂಡು ಡಾಲ್ಫಿಯೊಡನೆ ಮಾತಾಡತೊಡಗಿದರು. ಗೋಡೆಯ ಈ ಕಡೆ ನನಗೆ ಕೇಳಿಸುತ್ತಿತ್ತು. "ಅವನು ಆಫೀಸಿಗೆ ನನಗಿಂತ ಆಮೇಲೆ ಸೇರಿದವನು ಕಣೋ ಡಾಲ್ಫಿ. ಈಗ ನನಗೇ ಬುದ್ಧಿ ಹೇಳ್ತಾನೆ. ನಾನೇನೂ ಮಾತಾಡ್ಲಿಲ್ಲ. ಮಾತಾಡಬೇಕಿತ್ತು, ಅಲ್ವಾ?" ಡಾಲ್ಫಿ ಕುಕ್ ಕುಕ್ ಎನ್ನುತ್ತಿತ್ತು. ಒಂದು ದಿನ ಅಪ್ಪ ನಗುವುದೂ ಕೇಳಿಸಿತು. ಟಿವಿ ನೋಡುತ್ತಿದ್ದ ಅಮ್ಮ ಧ್ವನಿ ಕಡಿಮೆ ಮಾಡಿ ಕಿವಿಗೊಟ್ಟಳು. ಆಮೇಲೆ ಮುಖ ಗಂಟು ಹಾಕಿಕೊಂಡು ಧ್ವನಿಯನ್ನು ಮೊದಲಿಗಿಂತ ಜೋರು ಮಾಡಿದಳು.

ನಾನು ಸೀರಿಯಲ್ ಸೆಟ್‌ಗಳನ್ನೆಲ್ಲ ಬಿಚ್ಚಿದೆ. ಲ್ಯಾಂಪನ್ನು ಅಟ್ಟದ ಮೇಲೆ ಹಾಕಿದೆ. ಮುಸ್ಸಂಜೆಗೆ ಮಸೀದಿಯಲ್ಲಿ ಮಗ್‌ರಿಬ್ ಬಾಂಗ್ ಆಗುತ್ತಿದ್ದಂತೆ ಎರಡೂ ಕೋಣೆಗಳ ಪರದೆ ಎಳೆಯುತ್ತಿದ್ದೆ. ಕತ್ತಲೆಯಲ್ಲಿ ಊಟ ಮಾಡುವುದನ್ನು ನಾವು ಕಲಿತೆವು. ಆದರೆ ಬಂದ ವಸಂತ ಹಿಂದಿರುಗಲಿಲ್ಲ.

ಜನವರಿ ಮುಗಿಯಿತು, ಪೌಲಿನ್ ಆಂಟಿ ಬಂದರು. ನೈಟಿಯ ಮೇಲೊಂದು ಶಾಲು, ಕಾಲಿಗೆ ಮದುವೆ ಮನೆಯಲ್ಲಿ ಸಿಕ್ಕಿದ ಉದ್ದ ರೋಮದ ಮೆತ್ತನೆ ಚಪ್ಪಲಿ, ಕೈಯಲ್ಲಿ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ಡಬ್ಬಿ. ನಾನು ಹೇಳಬೇಕಾದ ವಾಕ್ಯವನ್ನು ಬೆಳಿಗ್ಗೆಯಿಂದ ತಯಾರು ಮಾಡಿಕೊಂಡಿದ್ದೆ: ಕ್ಷಮಿಸಿ ಆಂಟಿ, ಒಟ್ಟಿಗೆ ಇಡಲು ನನ್ನಿಂದ ಆಗಲಿಲ್ಲ, ಡಾಲ್ಫಿಯನ್ನು ನೀವೇ ಕರೆದುಕೊಂಡು ಹೋಗಿ.

ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಎಲ್ಲ ಹೇಳಿ ಮುಗಿಸಿದಳು. "ಅಯ್ಯೋ ದೇವರೇ, ಬಾ ಡಾಲ್ಫಿ" ಎಂದು ಆಂಟಿ ಕೈ ಚಾಚಿದರು. ಅಪ್ಪನ ಮಡಿಲಲ್ಲಿದ್ದ ಡಾಲ್ಫಿ ಅವರ ಪಂಚೆಯೊಳಗೆ ನುಗ್ಗಿ, ಮೂತಿ ಮಾತ್ರ ಹೊರಗೆ ಹಾಕಿ ಬುಸ್ ಎಂದಿತು. ಅಪ್ಪ ಪಂಚೆಯ ಮೇಲೆ ಕೈ ಇಟ್ಟುಕೊಂಡು ಕುಳಿತರು. ಅವರ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಪರಿಚಯ, ಕನ್ನಡಿಯಲ್ಲಿ ದಿನಾ ನೋಡುತ್ತೇನೆ. ತಯಾರು ಮಾಡಿಕೊಂಡಿದ್ದ ವಾಕ್ಯವನ್ನು ನಾನು ಹೇಳದೆ ಬಿಟ್ಟೆ.

ಅಷ್ಟರಲ್ಲಿ ನನ್ನ ಕೋಣೆಯ ಬಾಗಿಲ ಸಂದಿಯಿಂದ ಕೋಡುಬಳೆ ಹೊರಬಂತು. ಡಾಲ್ಫಿಯನ್ನು ಅದು ನೋಡಲೇ ಇಲ್ಲ. ಪೌಲಿನ್ ಆಂಟಿ ಕಳಚಿಟ್ಟಿದ್ದ ರೋಮದ ಚಪ್ಪಲಿಯನ್ನು ನೋಡಿ ಅಲ್ಲಿಯೇ ನಿಂತಿತು. ನಿಧಾನವಾಗಿ ಹತ್ತಿರ ಹೋಯಿತು. ಮೂಸಿತು. ಆಮೇಲೆ ಅದರ ಕುತ್ತಿಗೆ ಎಲ್ಲಿರಬಹುದೋ ಅಲ್ಲಿ ಕಚ್ಚಿ ಹಿಡಿದು, ಹಿಂದೆ ಹಿಂದೆ ನಡೆಯುತ್ತ, ತೆರೆದ ಬಾಗಿಲು ದಾಟಿ, ಪೌಲಿನ್ ಆಂಟಿಯ ಮನೆಯೊಳಗೆ ಎಳೆದುಕೊಂಡು ಹೋಯಿತು. ನಾವೆಲ್ಲ ಹಿಂಬಾಲಿಸಿ ನೋಡಿದೆವು. ಸೋಫಾದ ಕೆಳಗೆ ಚಪ್ಪಲಿಯ ಮೇಲೆ ಗಲ್ಲ ಇಟ್ಟು ಮಲಗಿತ್ತು. ಹಿಡಿಯಲು ಹೋದ ನನಗೆ ಹಲ್ಲು ತೋರಿಸಿತು.

"ಮದುವೆ ಆಗಿಯೇ ಹೋಯ್ತಲ್ಲ! ಹುಡುಗಿ ಕಡೆಯವಳು ನಾನೇ" ಎಂದು ಪೌಲಿನ್ ಆಂಟಿ ಹೊಟ್ಟೆ ಹಿಡಿದು ನಕ್ಕರು. "ನನ್ನ ಮಾತು ಮಾತೇ ಭಾನುಅಕ್ಕಾ. ಡಾಲ್ಫಿ ನಿಮಗೆ. ಇವನು ನಮ್ಮಲ್ಲಿ ಇರ್ಲಿ. ಜೋಯ್ಲಿನ್ ಇಲ್ಲದೆ ಮನೆ ಖಾಲಿ ಖಾಲಿ ಆಗಿದೆ. ಆಗ್ಬಹುದಾ ಅಪೇಕ್ಷಾ?"

"ಮನೆ ಅಳಿಯ ಆದ ಅಂತ ತಿಳ್ಕೋ" ಎಂದಳು ಅಮ್ಮ, ಆ ದಿನ ಮೊದಲ ಬಾರಿ ನಗುತ್ತ.

ಎಲ್ಲರೂ ನನ್ನ ಕಡೆ ನೋಡಿದರು. ಬಾಗಿಲಲ್ಲಿ ಅಪ್ಪ ಪಂಚೆ ಹಿಡಿದುಕೊಂಡು ನಿಂತಿದ್ದರು. ನಾನು ತಲೆಯಾಡಿಸಿದೆ. ಎಂದಿನಂತೆ ಸಂತೋಷವೆಂದೇ ಎಲ್ಲರೂ ತಿಳಿದುಕೊಂಡರು.

ಮರುದಿನ ಕೋಡುಬಳೆಯನ್ನು ನೋಡಲು ಹೋದೆ. ಅದು ನನ್ನ ಕೈ ಮೂಸಿತು, ಬಾಲವನ್ನು ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿಸಿತು, ಹೆಬ್ಬೆರಳನ್ನು ಕಚ್ಚಿತು. ನನ್ನ ಮೈಯೆಲ್ಲ ಡಾಲ್ಫಿಯ ವಾಸನೆ. ಪೌಲಿನ್ ಆಂಟಿ ಪಟ್ಟಿ ಕಟ್ಟುತ್ತ, "ಸ್ನಾನ ಮಾಡಿ ಬಾ ಮಾರಾಯ್ತಿ. ಡಾಲ್ಫಿ ಮುಟ್ಟದ ಬಟ್ಟೆ ಹಾಕ್ಕೊಂಡು ಬಾ" ಎಂದರು.

ಹೀಗಾಗಿ ಈಗ ನಾನು ಬೆಳಿಗ್ಗೆ ಎದ್ದ ಕೂಡಲೇ ತಲೆಗೆ ಸ್ನಾನ ಮಾಡುತ್ತೇನೆ. ಯಾರೂ ಮುಟ್ಟದಂತೆ ಎತ್ತರದ ತಂತಿಯಲ್ಲಿ ಒಣಹಾಕಿದ ಬಟ್ಟೆಯನ್ನು ಕೋಲಿನಿಂದ ತೆಗೆದು ಉಡುತ್ತೇನೆ. ಸೋಫಾಕ್ಕೆ, ಅಪ್ಪನಿಗೆ, ಪರದೆಗೆ ಸೋಕದಂತೆ ಕೈ ಮೇಲೆತ್ತಿ ಗೋಡೆ ಪಕ್ಕದಲ್ಲಿ ನಡೆಯುತ್ತೇನೆ. ಅಮ್ಮ ವರ್ಷಗಳಿಂದ ಗೋಗರೆದರೂ ನಾನು ಒಂದು ದಿನವೂ ಮಡಿ ಮಾಡಿದವಳಲ್ಲ. ಮೊನ್ನೆ ಅವಳು ಫೋನಿನಲ್ಲಿ ಅಜ್ಜಿಗೆ ಹೇಳುತ್ತಿದ್ದಳು: "ಹೌದಮ್ಮ, ದಿನಾ ಬೆಳಿಗ್ಗೆ ಮಡೀಲೇ ಇರ್ತಾಳೆ. ಯಾರನ್ನೂ ಮುಟ್ಟಿಸ್ಕೊಳ್ಳಲ್ಲ. ಇರು, ಕೇಳ್ತೀನಿ." ನನ್ನ ಕಡೆ ತಿರುಗಿದಳು. "ಯಾವ ದೇವರಿಗೆ ಅಂತ ಕೇಳ್ತಿದಾರೆ ಕಣೇ."

ಸುಳ್ಳು ಹೇಳುವುದೋ ನಿಜ ಹೇಳುವುದೋ ಎಂದು ಯೋಚಿಸುತ್ತ ಒಂದು ಕ್ಷಣ ನಿಂತೆ. ಕಾಲಿಗೆ ಬೆಚ್ಚಗಾಯಿತು. ನೋಡಿದರೆ ಡಾಲ್ಫಿ ನನ್ನ ಪಾದದ ಮೇಲೆ ಗಲ್ಲ ಇಟ್ಟು ನಿದ್ದೆ ಹೋಗಿತ್ತು.

ಅದು ಏಳುವವರೆಗೆ ಅಲ್ಲಾಡದೆ ನಿಂತಿದ್ದು, ಮತ್ತೆ ಬಚ್ಚಲುಮನೆಗೆ ಹೋದೆ.