ಮಾವಿನ ಚಿಗುರಿಗೆ ಕತ್ತರಿ ಹಾಕಿದವರು

ಒಂಟಿಯಾಗಿ ಇರುವವರಿಗೆ ಅನುಮಾನ ಜಾಸ್ತಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅನುಮಾನ ಎಲ್ಲರಿಗೂ ಬರುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ 'ನಿನಗೆ ತಲೆ ಕೆಟ್ಟಿದೆ' ಎಂದು ಅಲ್ಲಿಗೇ ಮುಗಿಸುತ್ತಾರೆ, ಅಷ್ಟೆ. ಬಾಡ ಎಂಬ ಊರಿನ ನನ್ನ ಮನೆಯಲ್ಲಿ ಹಾಗೆ ಹೇಳುವವರಿಲ್ಲ. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ಮದುವೆಯಾಗಲಿಲ್ಲ. ಜೊತೆಗಿದ್ದ ಅಕ್ಕ ಹೋದ ವರ್ಷ ತೀರಿಕೊಂಡಳು. ಆಮೇಲೆ ದಿನಾ ನನ್ನನ್ನು ಕರೆದು ಮಾತಾಡಿಸುತ್ತಿದ್ದವಳು ಮೀನು ಮಾರುವ ನಾಗಕ್ಕ ಒಬ್ಬಳೇ. "ಅಕ್ಕೋರೆ, ಬಂಗಡೆ ಉಂಟು, ತಕಂತ್ರಾ?" ನಾನು ತೆಗೆದುಕೊಳ್ಳುವುದು ಎರಡೇ ಬಂಗಡೆ, ಅದಕ್ಕೂ ಚೌಕಾಶಿ.

ಈ ಸಲ ಅಂಗಳದಲ್ಲಿ ಎರಡು ಕಸಿ ಮಾವಿನ ಗಿಡ ನೆಟ್ಟೆ. ಕೆಂಪು ಚಿಗುರು ಬಂತು. ಒಂದು ಬೆಳಿಗ್ಗೆ ನೋಡಿದರೆ ಮೊದಲ ಗಿಡದ ಎಳೆ ಎಲೆಗಳೆಲ್ಲ ನೆಲದಲ್ಲಿ, ತೊಟ್ಟಿನ ಹತ್ತಿರ ಅಡ್ಡಕ್ಕೆ ನೀಟಾಗಿ ಕತ್ತರಿಸಿಕೊಂಡು ಬಿದ್ದಿದ್ದವು. ಹುಳ ತಿಂದರೆ ಅಂಚು ಚಿಂದಿಯಾಗಬೇಕು. ಇದು ಕತ್ತರಿ ಕೆಲಸ. ಆಯುಷ್ಯವೆಲ್ಲ ಕತ್ತರಿ ಹಿಡಿದವಳಿಗೆ ಇಷ್ಟು ತಿಳಿಯುವುದಿಲ್ಲವೇ? ಮೀನಿನ ರೆಕ್ಕೆ ಕತ್ತರಿಸಲು ನಾಗಕ್ಕನ ಬುಟ್ಟಿಯಲ್ಲೊಂದು ಕತ್ತರಿ ಇರುತ್ತದೆ. ಹಿಂದಿನ ದಿನವಷ್ಟೇ ಅವಳ ಬಂಗಡೆಯ ಕಿವಿರು ಎತ್ತಿ ನೋಡಿ 'ಹಳತು' ಎಂದಿದ್ದೆ. ಸಿಟ್ಟು ತೀರಿಸಿಕೊಂಡಿದ್ದಾಳೆ ಎಂದು ತೀರ್ಮಾನಿಸಿದೆ.

ಅವಳು ಕರೆದಾಗ ಬಾಗಿಲು ತೆರೆಯಲಿಲ್ಲ. ಎಂಟು ದಿನ ಹೀಗೇ ಮಾಡಿದೆ. ಒಂಬತ್ತನೇ ದಿನ ಅವಳು ಕರೆಯದೆ ಮುಂದೆ ಹೋದಳು. ಆ ಸಂಜೆ ಬೆಕ್ಕನ್ನು ಗದರಿಸಲು ಹೋದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಸುಳ್ಳೇಕೆ, ಅಳು ಬಂತು.

ಮರುದಿನ ಎರಡನೇ ಗಿಡದ ಎಲೆಯೂ ಬೀಳತೊಡಗಿತು. ಹತ್ತಿರ ಕೂತು ನೋಡಿದೆ. ಅಕ್ಕಿಕಾಳಿನಷ್ಟು ದೊಡ್ಡ, ಮೂತಿ ಉದ್ದದ ಒಂದು ಹುಳ ನನಗಿಂತ ನೇರವಾಗಿ ಎಲೆ ಕತ್ತರಿಸುತ್ತಿತ್ತು. ರಸ್ತೆಗೆ ಓಡಿದೆ. "ನಾಗಕ್ಕ, ಕತ್ತರಿಸಿದ್ದು ನೀನಲ್ಲ, ಹುಳ."

ತನ್ನ ಮೇಲೆ ಹೀಗೊಂದು ಆರೋಪ ಇತ್ತೆಂದು ಅವಳಿಗೆ ತಿಳಿದದ್ದೇ ಆಗ.

"ನಾ ಎಂತಕೆ ಕತ್ತರಿಸೂದು ಅಕ್ಕೋರೆ? ನಿಮಗೆ ಹುಷಾರಿಲ್ಲ ಅಂತ ಮಾಡಿದ್ದೆ," ಎಂದಳು. ಆಮೇಲೆ ಬುಟ್ಟಿ ಇಳಿಸಿ ಗಿಡ ನೋಡಿದಳು. "ಬಿದ್ದ ಎಲೇಲಿ ಅದರ ಮೊಟ್ಟೆ ಇರ್ತದೆ. ದಿನಾ ಹೆಕ್ಕಿ ಸುಡಿ, ಆತಾ?"

ಅಂದಿನಿಂದ ಅವಳು ದಿನವೂ ಒಳಗೆ ಬಂದು, "ಇವತ್ತು ಎಷ್ಟು ಬಿತ್ತು?" ಎಂದು ಕೇಳುತ್ತಿದ್ದಳು. ನಾವಿಬ್ಬರೂ ಕೂತು ಎಲೆ ಹೆಕ್ಕುತ್ತಿದ್ದೆವು, ಚಾ ಕುಡಿಯುತ್ತಿದ್ದೆವು. ಕ್ರಮೇಣ ಹೊಸ ಎಲೆಗಳು ಬಲಿತವು, ಹುಳ ಹೋಯಿತು. ಇನ್ನು ನಾಗಕ್ಕ ಗೇಟಿನ ಹೊರಗಿನಿಂದಲೇ ಮೀನು ಕೊಟ್ಟು ಹೋಗುತ್ತಾಳಲ್ಲ ಎಂದು ನನಗೆ ಹೆದರಿಕೆಯಾಯಿತು.

ಮೊನ್ನೆ ಬೆಳಿಗ್ಗೆ, ಅವಳು ಬರುವ ಮೊದಲು, ನನ್ನ ಹೊಲಿಗೆ ಕತ್ತರಿಯಿಂದ ನಾಲ್ಕು ಎಲೆ ಕತ್ತರಿಸಿ ಬುಡದಲ್ಲಿ ಹಾಕಿದೆ. ನಾಗಕ್ಕ ಒಂದನ್ನು ಎತ್ತಿ ತಿರುಗಿಸಿ ನೋಡಿದಳು.

"ಹುಳ ಇದಕ್ಕಿಂತ ಚೆಂದ ಕತ್ತರಿಸ್ತದೆ ಅಕ್ಕೋರೆ," ಎಂದು ಬುಟ್ಟಿ ಇಳಿಸಿ ಕೂತಳು. "ಚಾ ಇಡಿ."